ಶ್ರುತಿ ಕೆಟ್ಟದ್ದು ಪಿಯಾನೊದ್ದು... ತಪ್ಪು ಮಾತ್ರ ನನ್ನದು!

ಬೆಳ್ಳಿತೆರೆಯ ಮೇಲೆ ಪಿಯಾನೊ ಕಾಣಿಸಿತು ಅಂದರೆ ಸಾಕು, ಗಾಂಧಿ ಕ್ಲಾಸಿನ ಪ್ರೇಕ್ಷಕನಿಗೂ ಮುಂದಿನ ಕಥೆ ಗೊತ್ತಾಗಿಬಿಡುತ್ತೆ! ಮನೆ ನಾಯಕಿಯ ಅಪ್ಪನದು. ಅಪ್ಪ ಭಾರಿ ಶ್ರೀಮಂತ. ಹಾಲ್ ಮಧ್ಯೆ ಬಾಗಿದ ಮೆಟ್ಟಿಲು. ಮೆಟ್ಟಿಲ ಮೇಲೆ ನಾಯಕಿ, ಕೆಳಗೆ ಕೈಯಲ್ಲಿ ಗ್ಲಾಸು ಹಿಡಿದ ಖಳನಾಯಕ, ಪಿಯಾನೊ ಮುಂದೆ ಸೂಟು ಹಾಕಿಕೊಂಡ ಭಗ್ನಪ್ರೇಮಿ. ಇನ್ನರ್ಧ ನಿಮಿಷದಲ್ಲಿ ಹಾಡು ಶುರು, ಕರ್ಚೀಫು ಹೊರಗೆ!

1949ರ ‘ಅಂದಾಜ್’ ಚಿತ್ರದಲ್ಲಿ ದಿಲೀಪ್ ಕುಮಾರ್ ಹೀಗೆ ಕೂತು ಬೆರಳಾಡಿಸಿದರು, ಹಿಂದಿನಿಂದ ಮುಕೇಶ್ ಹಾಡಿದರು. 1964ರ ‘ಸಂಗಮ್’ನಲ್ಲಿ ರಾಜ್ ಕಪೂರ್ ಕೂತರು, ಅದಕ್ಕೂ ಮುಕೇಶರದೇ ಕಂಠ. ಆಮೇಲೆ ಬಂದ ಎಷ್ಟು ಭಾಷೆಯ ಎಷ್ಟು ನಾಯಕರು ಆ ಕರಿಬಿಳಿ ಮಣೆಗಳ ಮುಂದೆ ಕೂತು ಅತ್ತರೋ ಲೆಕ್ಕ ಇಟ್ಟವರಿಲ್ಲ.

ಆದರೆ ಓದುಗ ಮಿತ್ರರೇ, ಆ ಕಪ್ಪು ಪೆಟ್ಟಿಗೆಯ ಒಳಗೆ ಏನಿರುತ್ತೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿರಲಿಲ್ಲ. ಯೋಚಿಸದೇ ಬರೆದೆ. ಬರೆದು, ಒಬ್ಬ ಹಿರಿಯರ ಅನ್ನಕ್ಕೆ ಕಲ್ಲು ಹಾಕಿದೆ. ಇದು ಆ ಕಥೆ.

ಆ ಮಳೆಯ ರಾತ್ರಿ

2022ರ ಸೆಪ್ಟೆಂಬರ್ ಬೆಂಗಳೂರಿನವರಿಗೆ ಚೆನ್ನಾಗಿ ನೆನಪಿದೆ. ಔಟರ್ ರಿಂಗ್ ರೋಡಿನಲ್ಲಿ ಕಾರುಗಳು ಮುಳುಗಿ, ಕಂಪ್ಯೂಟರ್ ಕಂಪನಿಯವರೆಲ್ಲ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ತಿಂಗಳು. ಅದೇ ತಿಂಗಳ ಒಂದು ಸಂಜೆ, ದಂಡು ಪ್ರದೇಶದ ಒಂದು ಹಳೇ ಹಾಲ್‌ನಲ್ಲಿ ‘ಹಳೇ ಹಾಡುಗಳ ರಸಸಂಜೆ’ ಏರ್ಪಾಡಾಗಿತ್ತು. ಕೀಬೋರ್ಡ್, ಕೊಳಲು, ತಬಲಾ, ಗಿಟಾರ್ ಎಲ್ಲಾ ಸೈ. ಜೊತೆಗೆ ವಿಶೇಷ ಆಕರ್ಷಣೆ... ಹಾಲ್‌ನವರ ಸ್ವಂತ ಪಿಯಾನೊ! ಅಸಲಿ ತಂತಿ, ಅಸಲಿ ಮರ. ಪೋಸ್ಟರಿನಲ್ಲಿ ಗಾಯಕರಿಗಿಂತ ಅದರ ಫೋಟೊನೇ ದೊಡ್ಡದು.

ಮೊದಲ ಹಾಡಿಗೇ ಗ್ರಹಚಾರ ಕೆಟ್ಟಿತು. ಪಿಯಾನೊ ಒಂದು ಶ್ರುತಿ, ಕೀಬೋರ್ಡ್ ಇನ್ನೊಂದು ಶ್ರುತಿ. ತಬಲಾದವರು ಹಾಡು ಹಾಡಿಗೂ ಸುತ್ತಿಗೆ ತೆಗೆದು ಗಟ್ಟ ಹೊಡೆಯುತ್ತಲೇ ಇದ್ದಾರೆ. ಗಾಯಕಿ ಪಾಪ ಯಾರ ಶ್ರುತಿ ಹಿಡಿಯೋದು ತಿಳಿಯದೆ ಎರಡನೇ ಚರಣದಲ್ಲಿ ನಿಂತೇಬಿಟ್ಟರು. ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು. ಮೆಚ್ಚಿ ಹೊಡೆಯೋ ಶಿಳ್ಳೆ ಅಲ್ಲ, ಆ ಇನ್ನೊಂದು ಥರದ್ದು.

ನಾನು ಫ್ರೀಲಾನ್ಸ್ ಪತ್ರಕರ್ತ. ಅಂದರೆ ಬರೆದರೆ ದುಡ್ಡು, ಖಾರವಾಗಿ ಬರೆದರೆ ಇನ್ನೊಂದು ಅವಕಾಶ. ಆ ರಾತ್ರಿಯೇ ಹನ್ನೆರಡು ಸಾಲು ಗೀಚಿ ಒಂದು ಪತ್ರಿಕೆಗೆ ಕಳಿಸಿದೆ. ಅದರಲ್ಲಿ ಒಂದು ಸಾಲು ಹೀಗಿತ್ತು: ‘ಈ ಪಿಯಾನೊ ಟ್ಯೂನ್ ಮಾಡಿದ ಮಹಾನುಭಾವರಿಗೆ ಕಿವಿ ಇದೆಯೋ ಇಲ್ಲವೋ ಡಾಕ್ಟರು ಪರೀಕ್ಷಿಸಬೇಕು!’ ಜನ ನಕ್ಕರು. ವಾಟ್ಸಾಪ್‌ನಲ್ಲಿ ಓಡಾಡಿತು. ನನಗೂ ಖುಷಿಯೋ ಖುಷಿ.

ಒಂದೂವರೆ ವರ್ಷ ಕಳೆಯಿತು. 2024ರ ಮಾರ್ಚ್. ಅವತ್ತು ಕೀಬೋರ್ಡ್ ನುಡಿಸಿದ್ದ ಗೆಳೆಯ ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಟೀ ಕುಡಿಯುತ್ತಾ ಸಹಜವಾಗಿ ಅಂದ: “ಗುರುವೇ, ನೀನು ಬರೆದೆಯಲ್ಲ, ಆ ಟ್ಯೂನರ್ ಅಂಕಲ್‌ನ ಹಾಲ್‌ನವರು ಬಿಡಿಸಿಬಿಟ್ರು ಕಣೋ. ಅದನ್ನ ಓದಿ ಇನ್ನೂ ಎರಡು ಮನೆಯವರು ಕರೆಯೋದು ನಿಲ್ಲಿಸಿದ್ರಂತೆ. ಆದ್ರೆ ತಪ್ಪು ಅವರದಲ್ಲ. ಅವರು ಟ್ಯೂನ್ ಮಾಡಿದ್ದು ಮಾರ್ಚಿನಲ್ಲಿ, ಪ್ರೋಗ್ರಾಂ ನಡೆದಿದ್ದು ಸೆಪ್ಟೆಂಬರಿನಲ್ಲಿ.”

“ಅದಕ್ಕೇನೀಗ? ಆರು ತಿಂಗಳಿಗೇ ಕೆಟ್ಟುಹೋಗುತ್ತಾ?”

“ಮಧ್ಯೆ ಮಳೆಗಾಲ ಬಂತಲ್ಲಪ್ಪ!”

ಮಳೆಗೂ ಪಿಯಾನೊಗೂ ಏನು ಸಂಬಂಧ ಸ್ವಾಮಿ? ಮಳೆ ಬಿದ್ದದ್ದು ರಸ್ತೆಗೆ, ಪಿಯಾನೊ ಇದ್ದದ್ದು ಹಾಲ್ ಒಳಗೆ! ಟೀ ಗಂಟಲಲ್ಲೇ ನಿಂತಿತು. ವಿಳಾಸ ಕೇಳಿಕೊಂಡೆ.

ಕುಕ್ ಟೌನಿನ ಹಂಚಿನ ಮನೆ

ಆ ಮಾರ್ಚಿನ ಬಿಸಿಲು, ನೀರಿನ ಬರ ನಿಮಗೂ ಗೊತ್ತು. ಬೀದಿಗೊಂದು ಟ್ಯಾಂಕರ್, ಟ್ಯಾಂಕರಿಗೊಂದು ಜಗಳ. ಕುಕ್ ಟೌನಿನ ಒಂದು ಹಂಚಿನ ಮನೆಯ ಬಾಗಿಲು ತಟ್ಟಿದೆ. ತೆಗೆದವರು ಎಪ್ಪತ್ತು ದಾಟಿದ ಮನುಷ್ಯ. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರಟು, ಜೇಬಿನಲ್ಲಿ ಎರಡು ಪೆನ್ನು. ಮನೆಮಾತು ತಮಿಳು, ನಡುನಡುವೆ ಇಂಗ್ಲಿಷು, ನನ್ನಂಥವರ ಜೊತೆ ಕನ್ನಡ. ಹೆಸರು ಹಾಕಬೇಡ ಅಂತ ಹೇಳಿದ್ದಾರೆ, ಹಾಕಿಲ್ಲ.

ನಾನು ಯಾರು ಅಂತ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಒಂದು ನಿಮಿಷ ನನ್ನನ್ನೇ ನೋಡಿ, “ಅದನ್ನ ಬರೆದೋನು ಇಷ್ಟು ಚಿಕ್ಕ ಹುಡುಗನಾ?” ಅಂದರು. “ಕೂತ್ಕೋಪ್ಪಾ. ನೀರು ಕುಡಿ. ನೀರಿಗೆ ರೇಟ್ ಜಾಸ್ತಿ, ಚೆಲ್ಲಬೇಡ.”

ಮೂಲೆಯಲ್ಲಿ ಗೋಡೆಗೆ ತಾಗದ ಹಾಗೆ ಒಂದು ಹಳೇ ನಿಲುವು ಪಿಯಾನೊ. ಅದರ ಮುಂದೆ ನನ್ನನ್ನು ಕೂರಿಸಿ, ಜೇಬಿನಿಂದ ಉಕ್ಕಿನ ಎರಡು ಕವಲಿನ ಫೋರ್ಕ್ ತೆಗೆದರು. ಮೊಣಕಾಲಿಗೆ ತಟ್ಟಿ, ಅದರ ಬುಡವನ್ನ ಪಿಯಾನೊ ಮರಕ್ಕೆ ಒತ್ತಿ ಹಿಡಿದರು. ಸಣ್ಣಗೆ ‘ಊಂ...’ ಅಂತ ನಾದ.

“ಇದು 440. ಸೆಕೆಂಡಿಗೆ ಅಷ್ಟು ಸಲ ಕಂಪನ. 1939ರಲ್ಲಿ ಲಂಡನ್‌ನಲ್ಲಿ ಮೀಟಿಂಗ್ ಸೇರಿ, ಎಲ್ಲಾ ದೇಶದವರೂ ‘ಎ’ ಅನ್ನೋ ಸ್ವರಕ್ಕೆ ಇದೇ ಲೆಕ್ಕ ಇಟ್ಕೊಳ್ಳೋಣ ಅಂದ್ರು. ನಿನ್ನ ಫ್ರೆಂಡ್ ಕೀಬೋರ್ಡು ಫ್ಯಾಕ್ಟರಿಯಿಂದ ಬರೋದೇ ಈ ಶ್ರುತಿಯಲ್ಲಿ. ಈಗ ಅದೇ ಸ್ವರದ ಮಣೆ ನೀನು ಒತ್ತು.”

ಒತ್ತಿದೆ. ಎರಡು ನಾದ ಸೇರಿದ ಕೂಡಲೇ ನಡುವೆ ಒಂದು ಅಲೆ ಎದ್ದಿತು. ವ್ವಾ... ವ್ವಾ... ವ್ವಾ... ಧ್ವನಿ ದಪ್ಪ ಆಗಿ ಸಣ್ಣ ಆಗಿ, ದಪ್ಪ ಆಗಿ ಸಣ್ಣ ಆಗಿ.

“ಎಣಿಸು.”

ಗಡಿಯಾರ ನೋಡಿ ಎಣಿಸಿದೆ. ಸೆಕೆಂಡಿಗೆ ಎರಡಕ್ಕಿಂತ ಸ್ವಲ್ಪ ಜಾಸ್ತಿ.

“ಅಂದ್ರೆ ಪಿಯಾನೊ 440ರಿಂದ ಎರಡು ಚಿಲ್ಲರೆ ಕೆಳಗಿದೆ. ಡಿಸೆಂಬರ್‌ನಲ್ಲಿ ನಾನೇ 440ಕ್ಕೆ ಇಟ್ಟಿದ್ದೆ. ಆಮೇಲೆ ಯಾರೂ ಮುಟ್ಟಿಲ್ಲ, ಮೊಮ್ಮಗಳು ಕೂಡ ನುಡಿಸಿಲ್ಲ. ಯಾರು ಇಳಿಸಿದ್ದು ಹೇಳು?”

ಇದಕ್ಕೆ ‘ಬೀಟ್ಸ್’ ಅಂತ ಹೆಸರಂತೆ. ಪಿಯುಸಿ ಫಿಸಿಕ್ಸ್‌ನಲ್ಲಿ ಈ ಪಾಠ ಇದೆ ಅಂತ ಆಮೇಲೆ ಗೊತ್ತಾಯಿತು. ಆ ಪಾಠ ಬರುವ ಹೊತ್ತಿಗೆ ನಾನು ಕಾಲೇಜು ಬಿಟ್ಟು ಮಾರ್ನಿಂಗ್ ಷೋ ಕ್ಯೂನಲ್ಲಿ ನಿಂತಿದ್ದೆ. ಎಂಥೆಂಥದ್ದು ತಪ್ಪಿಸಿಕೊಂಡೆ ನೋಡಿ!

ಕಬ್ಬಿಣ ನೀರು ಕುಡಿಯಲ್ಲ, ಮರ ಕುಡಿಯುತ್ತೆ

ಅಂಕಲ್ ಮುಂದಿನ ಹಲಗೆ ಕಳಚಿ ಒಳಗೆ ಟಾರ್ಚ್ ಬಿಟ್ಟರು. ಅಬ್ಬಾ! ಅದೊಂದು ಕಾರ್ಖಾನೆ. 88 ಮಣೆಗಳಿಗೆ ಸುಮಾರು 230 ಉಕ್ಕಿನ ತಂತಿ. ತಗ್ಗಿನ ಸ್ವರಕ್ಕೆ ತಾಮ್ರ ಸುತ್ತಿದ ಒಂದೊಂದು ದಪ್ಪ ತಂತಿ, ಅದರಿಂದ ಮೇಲಕ್ಕೆ ಎರಡೆರಡು, ಮಧ್ಯದಿಂದಾಚೆಗೆ ಸ್ವರಕ್ಕೆ ಮೂರು ಮೂರು. ಎಲ್ಲವೂ ಬಿಗಿದು ನಿಂತಿವೆ. ಅಷ್ಟೂ ತಂತಿಯ ಎಳೆತ ಕೂಡಿಸಿದರೆ ಸುಮಾರು 18ರಿಂದ 20 ಟನ್! ಎರಡು ಲಾರಿ ಮರಳಿನ ಭಾರ ಒಂದು ಪೆಟ್ಟಿಗೆಯೊಳಗೆ ಸದ್ದಿಲ್ಲದೆ ಎಳೀತಾ ಇದೆ ಅಂತ ಲೆಕ್ಕ. ಅದನ್ನ ತಡೆದುಕೊಳ್ಳೋಕೆ ಎರಕದ ಕಬ್ಬಿಣದ ಚೌಕಟ್ಟು.

“ಕಬ್ಬಿಣಕ್ಕೆ ಮಳೆಗಾಲ ಗೊತ್ತಿಲ್ಲ. ಅದರ ಹಿಂದೆ ನೋಡು,” ಅಂದರು.

ಹಿಂದೆ ಅಗಲವಾದ ಒಂದು ತೆಳು ಹಲಗೆ. ಸ್ಪ್ರೂಸ್ ಅನ್ನೋ ಚಳಿದೇಶದ ಮರ, ದಪ್ಪ ಒಂದು ಸೆಂಟಿಮೀಟರಿಗಿಂತ ಕಡಿಮೆ. ಇದೇ ಸೌಂಡ್‌ಬೋರ್ಡ್, ಪಿಯಾನೊದ ಎದೆ. ತಂತಿಗಳೆಲ್ಲ ಒಂದು ಮರದ ಬ್ರಿಡ್ಜ್ ಮೇಲೆ ಹಾದು ಹೋಗುತ್ತವೆ. ನಮ್ಮ ವೀಣೆಯಲ್ಲಿ ಕುದುರೆ ಅಂತೀವಲ್ಲ, ಅದೇ. ಕುದುರೆ ನಿಂತಿರೋದು ಈ ಹಲಗೆಯ ಮೇಲೆ. ತಂತಿಯ ನಡುಕ ಕುದುರೆಗೆ, ಕುದುರೆಯಿಂದ ಹಲಗೆಗೆ, ಹಲಗೆಯಿಂದ ನಮ್ಮ ಕಿವಿಗೆ. ಹಲಗೆ ಸಪಾಟಾಗಿಲ್ಲ, ತಂತಿಯ ಕಡೆಗೆ ಸ್ವಲ್ಪವೇ ಸ್ವಲ್ಪ ಉಬ್ಬಿದೆ.

“ಮಳೆಗಾಲದಲ್ಲಿ ನಿಮ್ಮ ಮನೆ ಬಾಗಿಲು ಏನಾಗುತ್ತೆ?”

“ಊದಿಕೊಳ್ಳುತ್ತೆ ಅಂಕಲ್. ಹಾಕೋಕೇ ಬರಲ್ಲ, ಒದೀಬೇಕು.”

“ಇದೂ ಊದಿಕೊಳ್ಳುತ್ತೆ. ಆದ್ರೆ ಹಿಂದೆ ಅಡ್ಡಪಟ್ಟಿ ಅಂಟಿಸಿದ್ದಾರೆ, ಸುತ್ತ ಅಂಚು ಬಿಗಿ ಮಾಡಿದ್ದಾರೆ. ಪಕ್ಕಕ್ಕೆ ಹೋಗೋಕೆ ಜಾಗ ಇಲ್ಲ. ಎಲ್ಲಿಗೆ ಹೋಗುತ್ತೆ? ಇನ್ನಷ್ಟು ಉಬ್ಬುತ್ತೆ. ಉಬ್ಬಿದ್ರೆ ಕುದುರೇನ ತಳ್ಳುತ್ತೆ, ಕುದುರೆ ತಂತೀನ ತಳ್ಳುತ್ತೆ, ತಂತಿ ಬಿಗಿಯಾಗುತ್ತೆ. ಬಿಗಿಯಾದ್ರೆ ಶ್ರುತಿ ಮೇಲೆ! ಬೇಸಿಗೆಯಲ್ಲಿ ಹಲಗೆ ಒಣಗುತ್ತೆ, ಉಬ್ಬು ಇಳಿಯುತ್ತೆ, ತಂತಿ ಸಡಿಲ, ಶ್ರುತಿ ಕೆಳಗೆ. ಇಷ್ಟೇ ಕಣಪ್ಪಾ ಗುಟ್ಟು.”

ನೀರು ಬೀಳಬೇಕಾಗಿಲ್ಲ, ಗಾಳಿಯ ಪಸೆ ಸಾಕು. ಗಾಳಿಯಲ್ಲಿ ತೇವಾಂಶ ನೂರಕ್ಕೆ 30 ಇದ್ದರೆ ಮರ ತನ್ನ ತೂಕದ ನೂರಕ್ಕೆ 6ರಷ್ಟು ನೀರು ಹಿಡಿದುಕೊಂಡಿರುತ್ತೆ. ಗಾಳಿ 80ಕ್ಕೆ ಏರಿ ಅಲ್ಲೇ ನಿಂತರೆ ಮರದ ನೀರು 16ರ ಹತ್ತಿರ. ನಮ್ಮ ಬೆಂಗಳೂರಿನ ಗಾಳಿ ಮಾರ್ಚ್ ಮಧ್ಯಾಹ್ನ 30ರ ಆಸುಪಾಸಿಗೆ ಇಳಿಯುತ್ತೆ, ಆಗಸ್ಟ್ ಬೆಳಗಿನ ಹೊತ್ತು 85ರ ಸುತ್ತ ಆಡುತ್ತೆ. ಡಬ್ಬಿ ಮುಚ್ಚದಿದ್ದ ಹಪ್ಪಳ ಮೆತ್ತಗಾಗೋದು ನಾವು ನೋಡಿಲ್ಲವೇ? ಅದೇ ಕಥೆ, ದುಬಾರಿ ಪೆಟ್ಟಿಗೆಯೊಳಗೆ.

ಇನ್ನೊಂದು ತಮಾಷೆ ಕೇಳಿ. ಎಲ್ಲಾ ತಂತಿಯೂ ಒಂದೇ ಸಮ ಏರಿದರೆ ಅಷ್ಟು ತೊಂದರೆಯಿಲ್ಲ. ಆದರೆ ಹಲಗೆಯ ನಡುಭಾಗ ಜಾಸ್ತಿ ಆಡುತ್ತೆ. ಹಾಡಿಗೆ ಹೆಚ್ಚು ಬಳಕೆಯಾಗುವ ಮಧ್ಯದ ಸ್ವರಗಳು ದಂಡಿಯಾಗಿ ಏರುತ್ತವೆ, ತೀರಾ ತಗ್ಗಿನವು ಸ್ವಲ್ಪವೇ. ಹಾಗಾಗಿ ಪಿಯಾನೊ ಕೀಬೋರ್ಡ್ ಜೊತೆ ಮಾತ್ರವಲ್ಲ, ತನ್ನ ಜೊತೆ ತಾನೇ ಜಗಳಕ್ಕೆ ನಿಲ್ಲುತ್ತೆ. ಕೀಬೋರ್ಡಿನ ಶ್ರುತಿಯನ್ನ ಒಂದು ಬಟನ್ ಒತ್ತಿ 442ಕ್ಕೋ 443ಕ್ಕೋ ಏರಿಸಬಹುದು. ಅದಕ್ಕೇ ಅವತ್ತು ನನ್ನ ಗೆಳೆಯ ಏರಿಸಿಯೂ ನೋಡಿದನಂತೆ. ಮಧ್ಯಕ್ಕೆ ಹೊಂದಿಸಿದರೆ ತಗ್ಗು ಹೊಂದಲಿಲ್ಲ, ತಗ್ಗಿಗೆ ಹೊಂದಿಸಿದರೆ ಮಧ್ಯ ಹೊಂದಲಿಲ್ಲ.

ಆಗ ನನಗೆ ಆ ರಾತ್ರಿಯ ತಬಲಾ ನೆನಪಾಯಿತು. “ತಬಲಾದವರೂ ಸುತ್ತಿಗೆ ಹೊಡೀತಾನೇ ಇದ್ದರಲ್ಲ ಅಂಕಲ್?”

ಅಂಕಲ್ ನಕ್ಕರು. “ಅದು ಚರ್ಮ. ಮಳೆಗಾಲಕ್ಕೆ ಚರ್ಮ ಸಡಿಲ ಆಗುತ್ತೆ, ಶ್ರುತಿ ಇಳಿಯುತ್ತೆ. ಮರ ಏರ್ತಾ ಇದೆ, ಚರ್ಮ ಇಳೀತಾ ಇದೆ, ನಿನ್ನ ಫ್ರೆಂಡ್ ಕೀಬೋರ್ಡ್ ಮಧ್ಯದಲ್ಲಿ ಕಲ್ಲಿನ ಹಾಗೆ ನಿಂತಿದೆ. ಆ ಹುಡುಗಿ ಯಾರ ಕೈ ಹಿಡೀಬೇಕು, ಪಾಪ!”

ಮದರಾಸಿನ ದಿನಗಳು

ಅಂಕಲ್ ಕೆಲಸ ಕಲಿತದ್ದು ಆಗಿನ ಮದರಾಸಿನಲ್ಲಿ, ಈಗಿನ ಚೆನ್ನೈ. ಸಿನಿಮಾ ಮಂದಿಗೆ ಇದು ಗೊತ್ತಿರೋದೇ. ನಮ್ಮ ಕನ್ನಡದ ಹಳೇ ಚಿತ್ರಗೀತೆಗಳು ಬಹುಪಾಲು ರೆಕಾರ್ಡ್ ಆದದ್ದು ಅಲ್ಲಿನ ಸ್ಟುಡಿಯೊಗಳಲ್ಲೇ. 1971ರ ‘ಕಸ್ತೂರಿ ನಿವಾಸ’, 1972ರ ‘ಬಂಗಾರದ ಮನುಷ್ಯ’ ಚಿತ್ರಗಳಿಗೆ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದ ಒಬ್ಬ ತರುಣ ಮುಂದೆ ಇಳಯರಾಜ ಆದರು. ಅವರಿಗೆ ಪಾಶ್ಚಾತ್ಯ ಸಂಗೀತ ಕಲಿಸಿದ್ದು ಮದರಾಸಿನ ಧನರಾಜ್ ಮಾಸ್ಟರ್. 1976ರಲ್ಲಿ ‘ಅನ್ನಕ್ಕಿಳಿ’ಯಿಂದ ಸ್ವತಂತ್ರರಾಗಿ, 1981ರಲ್ಲಿ ನಮ್ಮ ಶಂಕರ್ ನಾಗ್ ‘ಗೀತಾ’ ಚಿತ್ರಕ್ಕೆ ಕೊಟ್ಟ ಹಾಡುಗಳನ್ನ ಇವತ್ತಿಗೂ ಕಾಲೇಜು ಹುಡುಗರು ಗುನುಗುತ್ತಾರೆ.

“ಅಲ್ಲಿ ರೆಕಾರ್ಡಿಂಗ್ ಥಿಯೇಟರಿನಲ್ಲಿ ಟ್ಯೂನರ್ ಬರೋದು ಎಲ್ಲರಿಗಿಂತ ಮೊದಲು,” ಅಂದರು ಅಂಕಲ್. “ಯಾಕೆ ಅಂದ್ರೆ ಎಸಿ. ಕಾಲ್‌ಶೀಟ್ ಇದ್ದಾಗ ಎಸಿ ಹಾಕ್ತಾರೆ, ಗಾಳಿ ಒಣಗುತ್ತೆ. ರಾತ್ರಿ ಆರಿಸ್ತಾರೆ, ಸಮುದ್ರದ ಪಸೆ ಒಳಗೆ ಬರುತ್ತೆ. ಹಲಗೆಗೆ ದಿನಾ ಬೇಸಿಗೆ, ದಿನಾ ಮಳೆಗಾಲ! ಹಾಗಾಗಿ ಇವತ್ತಿನ ಶ್ರುತಿ ಇವತ್ತಿನ ಗಾಳಿಗೆ. ನಿನ್ನೆ ಮಾಡಿದ್ದು ನಿನ್ನೆಗೆ.”

ನಾನು ಜಾಣನ ಹಾಗೆ ಕೇಳಿದೆ: “ಹಾಗಾದ್ರೆ ಕಡಲ ತೀರದ ಮದರಾಸಿಗಿಂತ ನಮ್ಮ ಬೆಂಗಳೂರೇ ಪಿಯಾನೊಗೆ ವಾಸಿ, ಅಲ್ವಾ ಅಂಕಲ್?”

“ಎಲ್ಲರೂ ಹಾಗೇ ಅಂದುಕೊಳ್ತಾರೆ. ಅಲ್ಲಿ ವರ್ಷವಿಡೀ ತೇವ. ತಂತಿಗೆ ತುಕ್ಕು ಹಿಡಿಯುತ್ತೆ, ಫೆಲ್ಟ್ ಊದಿ ಮಣೆ ಒತ್ತಿದ್ರೆ ಮೇಲೆ ಬರಲ್ಲ, ನಿಜ. ಆದ್ರೆ ಹಲಗೆ ಹೆಚ್ಚು ಕಡಿಮೆ ಒಂದೇ ಕಡೆ ನಿಂತಿರುತ್ತೆ. ಇಲ್ಲಿ ಹಾಗಲ್ಲ. ಮಾರ್ಚಿನಲ್ಲಿ ಕಡ್ಡಿ ಥರ ಒಣಗಿ, ಆಗಸ್ಟಿನಲ್ಲಿ ಇಡ್ಲಿ ಥರ ಊದಬೇಕು. ಪ್ರತಿ ವರ್ಷ. ಮದರಾಸಿನಲ್ಲಿ ಮೂವತ್ತು ವರ್ಷ ಚೆನ್ನಾಗಿದ್ದ ಪಿಯಾನೊ ಇಲ್ಲಿಗೆ ತಂದ ಮೊದಲ ಬೇಸಿಗೆಗೇ ಬಿರುಕು ಬಿಟ್ಟಿದ್ದು ನೋಡಿದೀನಿ. ತೇವ ಶತ್ರು ಅಲ್ಲ ಕಣಪ್ಪಾ. ಏರಿಳಿತ ಶತ್ರು.”

ಪಿಯಾನೊ ಹುಟ್ಟಿದ್ದು 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಕ್ರಿಸ್ಟೊಫೊರಿ ಅನ್ನೋ ಕುಶಲಕರ್ಮಿಯ ಕೈಯಲ್ಲಿ. ಆ ಚಳಿದೇಶಗಳಲ್ಲಿ ಈ ಆಟ ಉಲ್ಟಾ ನಡೆಯುತ್ತೆ. ಚಳಿಗಾಲದಲ್ಲಿ ಮನೆ ಬೆಚ್ಚಗಿರಲೆಂದು ಹೀಟರ್ ಉರಿಸುತ್ತಾರೆ, ಗಾಳಿ ಒಣಗಿ ಶ್ರುತಿ ಇಳಿಯುತ್ತೆ. ಅವರ ಬೇಸಿಗೆಯಲ್ಲಿ ಏರುತ್ತೆ. ನಮ್ಮಲ್ಲಿ ಇಳಿಯೋದು ಮಾರ್ಚ್-ಏಪ್ರಿಲ್, ಏರೋದು ಜುಲೈನಿಂದ ಅಕ್ಟೋಬರ್.

ನೋಟ್‌ಬುಕ್ಕಿನ ಆ ಪುಟ

ಮಾತು ಇಲ್ಲಿಗೆ ಬರುವಷ್ಟರಲ್ಲಿ ನನಗೆ ಎಲ್ಲಾ ಅರ್ಥವಾಗಿತ್ತು. ಆದರೂ ಅಂಕಲ್ ಎದ್ದು ಹೋಗಿ ಕಪಾಟಿನಿಂದ ಒಂದು ಉದ್ದನೆಯ ನೋಟ್‌ಬುಕ್ ತಂದರು. ಟ್ಯೂನ್ ಮಾಡಿದ ಪ್ರತಿ ಪಿಯಾನೊ, ತಾರೀಖು, ಫೋರ್ಕ್‌ಗೆ ಹೋಲಿಸಿದರೆ ಎಷ್ಟು ಮೇಲೆ ಎಷ್ಟು ಕೆಳಗೆ, ಅವತ್ತು ಕೋಣೆಯ ತೇವಾಂಶ ಎಷ್ಟು. ಎಲ್ಲಾ ಇಂಗ್ಲಿಷಿನಲ್ಲಿ, ಮುತ್ತು ಪೋಣಿಸಿದ ಅಕ್ಷರ.

2022ರ ಮಾರ್ಚ್ ಪುಟ ತೆಗೆದರು. ಆ ಹಾಲ್‌ನ ಹೆಸರು. ತೇವಾಂಶ 33. 440ಕ್ಕೆ ಇಟ್ಟಿದ್ದೇನೆ. ಕೆಳಗೆ ಕೆಂಪು ಇಂಕಿನಲ್ಲಿ ಒಂದು ಸಾಲು: ಮಳೆ ಹಿಡಿದ ಮೇಲೆ ಮತ್ತೆ ಟ್ಯೂನ್ ಮಾಡಿಸಬೇಕು, ಪ್ರೋಗ್ರಾಂ ಇದ್ದರೆ ಆ ದಿನವೇ. ಪಕ್ಕದಲ್ಲಿ ಹಾಲ್‌ನ ಗುಮಾಸ್ತರ ಸಹಿ! ಚೀಟಿ ಬರೆದು ಕೊಟ್ಟು ಸಹಿ ಹಾಕಿಸಿಕೊಂಡಿದ್ದಾರೆ. ಚೀಟಿ ಯಾವ ಡ್ರಾಯರಿನಲ್ಲಿ ಹೋಯಿತೋ, ಕಾರ್ಯಕ್ರಮದ ಖರ್ಚಿನ ಪಟ್ಟಿಯಲ್ಲಿ ಟ್ಯೂನಿಂಗಿಗೆ ಜಾಗವೇ ಇರಲಿಲ್ಲ.

“ಇದನ್ನ ಅವರಿಗೆ ತೋರಿಸಲಿಲ್ವಾ ಅಂಕಲ್?”

“ಹೋದೆ. ಸೆಕ್ರೆಟರಿ ಟೇಬಲ್ ಮೇಲೆ ನಿನ್ನ ಪೇಪರ್ ಇತ್ತು. ಪ್ರಿಂಟ್ ಆಗಿದೆಯಲ್ಲ ಸಾರ್ ಅಂದ್ರು. ಪ್ರಿಂಟ್ ಆದದ್ದಕ್ಕೆ ನೋಟ್‌ಬುಕ್ ಉತ್ತರ ಕೊಡೋಕಾಗುತ್ತಾ?”

ಸುಮ್ಮನೆ ಕೂತೆ. ಪ್ರೋಗ್ರಾಂಗೆ ಟಿಕೆಟ್ ಕೊಂಡಿದ್ದೆ, ಹಾಗಾಗಿ ಬಯ್ಯೋ ಹಕ್ಕಿತ್ತು. ಆದರೆ ಒಂದು ಫೋನ್ ಮಾಡಿ ‘ಯಾವಾಗ ಟ್ಯೂನ್ ಮಾಡಿದಿರಿ?’ ಅಂತ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

“ಕ್ಷಮಿಸಿ ಅಂಕಲ್,” ಅಂದೆ. ಅವರು ಏನೂ ಹೇಳಲಿಲ್ಲ. ಫೋರ್ಕ್ ಒರೆಸಿ ಜೇಬಿಗಿಟ್ಟರು. “ಆಗಸ್ಟಿನಲ್ಲಿ ಬಾ. ಇದೇ ಮಣೆ ಒತ್ತಿ ನೋಡು. ಕಿವಿಯಲ್ಲಿ ಕೇಳಿದ್ರೇನೇ ನಂಬಿಕೆ ಬರೋದು.”

ಆಗಸ್ಟ್ ಬಂತು

ಹೋದೆ. ಹೊರಗೆ ಜಿಟಿಜಿಟಿ. ಅದೇ ಫೋರ್ಕ್, ಅದೇ ಮಣೆ. ಅಂಕಲ್ ಬೇಕೆಂತಲೇ ಮುಟ್ಟದೆ ಬಿಟ್ಟಿದ್ದರು. ಮತ್ತೆ ವ್ವಾ ವ್ವಾ ಅಲೆ. ಸೆಕೆಂಡಿಗೆ ಎರಡು.

“ಮಾರ್ಚಿನ ಹಾಗೇ ಇದೆಯಲ್ಲ ಅಂಕಲ್?”

“ಅಲೆ ಎಷ್ಟು ದೂರ ಅಂತ ಮಾತ್ರ ಹೇಳುತ್ತೆ, ಯಾವ ಕಡೆ ಅಂತ ಹೇಳಲ್ಲ,” ಅಂದರು. ಕೀಲಿಯಂಥ ಸಲಕರಣೆ ತೆಗೆದರು. ಟ್ಯೂನಿಂಗ್ ಹ್ಯಾಮರ್ ಅಂತಾರೆ, ಆದರೆ ಹೊಡೆಯೋದಕ್ಕಲ್ಲ, ಬಿರಡೆ ತಿರುಗಿಸೋಕೆ. ಬಿರಡೆಗೆ ಸಿಕ್ಕಿಸಿ, ಕೂದಲೆಳೆಯಷ್ಟು ಸಡಿಲ ಮಾಡಿದರು. ಅಲೆ ನಿಧಾನವಾಯಿತು. ಇನ್ನೂ ನಿಧಾನ... ನಿಂತುಹೋಯಿತು. ಫೋರ್ಕು, ತಂತಿ ಎರಡೂ ಒಂದೇ ನಾದ! “ಸಡಿಲ ಮಾಡಿದಾಗ ಸರಿಯಾಯಿತಲ್ಲ? ಅಂದ್ರೆ ಮೇಲಿತ್ತು. ಮಾರ್ಚಿನಲ್ಲಿ ಎರಡು ಕೆಳಗೆ, ಈಗ ಎರಡು ಮೇಲೆ. ಐದು ತಿಂಗಳಲ್ಲಿ ನಾಲ್ಕು ಅಲೆಯ ದೂರ ಅದರಷ್ಟಕ್ಕೆ ಅದೇ ನಡೆದುಬಂದಿದೆ.”

ಅಷ್ಟರೊಳಗೆ ನಾನು ಸುಮ್ಮನೆ ಕೂತಿರಲಿಲ್ಲ ಮಿತ್ರರೇ. ನೋಟ್‌ಬುಕ್ಕಿನ ಪುಟದ ಫೋಟೊ ಹಿಡಿದುಕೊಂಡು ಆ ಹಾಲ್‌ಗೆ ಮೂರು ಸಲ ಹೋಗಿದ್ದೆ. ಪಿಯಾನೊ ಟಾರ್ಪಾಲಿನ್ ಅಡಿ ಧೂಳು ಹಿಡಿದು ಮಲಗಿತ್ತು. ಗುಜರಿಗೆ ಕೊಡುವ ಮಾತೂ ನಡೆದಿತ್ತು. ಮೂರನೇ ಸಲ ಸೆಕ್ರೆಟರಿ ಸಾಹೇಬರು ಕೊನೆಗೆ ಅಂದರು: “ಒಂದು ಸಲ ಮಾಡಿಸಿ ನೋಡೋಣ. ಅರ್ಧ ದುಡ್ಡು ನೀವು ಹಾಕ್ತೀರಾ?” ಹಾಕಿದೆ. ಎರಡು ಲೇಖನದ ಸಂಭಾವನೆ ಹೋಯಿತು, ಹೋಗಲಿ.

ಅದೇ ಆಗಸ್ಟಿನ ಕೊನೆಗೆ ಹಾಲ್‌ನಲ್ಲಿ ಇನ್ನೊಂದು ರಸಸಂಜೆ. ಮೊದಲೇ ಒಂದು ದಿನ ಮಾಡಿಟ್ಟು, ಕಾರ್ಯಕ್ರಮದ ಮಧ್ಯಾಹ್ನ ಮತ್ತೆ ಬಂದು ಪರೀಕ್ಷೆ ಮಾಡಿದರು ಅಂಕಲ್. ಮೂರು ಗಂಟೆ ಕೂತರು. ತಂತಿಗಳ ನಡುವೆ ಫೆಲ್ಟ್ ಪಟ್ಟಿ ತುರುಕಿ, ಒಂದೊಂದೇ ತಂತಿ ಬಿಡಿಸಿ, ಕಣ್ಣು ಮುಚ್ಚಿ ಅಲೆ ಎಣಿಸುತ್ತಾ. ಸ್ಟೇಜ್ ಲೈಟ್ ಮೊದಲೇ ಹಾಕಿಸಿಕೊಂಡರು. ದೀಪದ ಕಾವಿಗೆ ತಂತಿ ಹಿಗ್ಗಿ ತಕ್ಷಣ ಕೊಂಚ ಇಳಿಯುತ್ತಂತೆ. ತೇವದ ಆಟ ನಿಧಾನ, ವಾರಗಟ್ಟಲೆ. ಕಾವಿನ ಆಟ ನಿಮಿಷಗಳಲ್ಲಿ.

ರಾತ್ರಿ ಕಾರ್ಯಕ್ರಮ ನಡೆಯಿತು. ಪಿಯಾನೊ ಬಗ್ಗೆ ಒಬ್ಬರೂ ಒಂದು ಮಾತೂ ಆಡಲಿಲ್ಲ. ಗಾಯಕಿಗೆ ಚಪ್ಪಾಳೆ, ಕೊಳಲಿನವರಿಗೆ ಒನ್ಸ್ ಮೋರ್. ಅಂಕಲ್ ಕೊನೆಯ ಸಾಲಿನಲ್ಲಿ ಕೂತಿದ್ದರು. “ಯಾರೂ ಏನೂ ಅನ್ನಲಿಲ್ಲವಲ್ಲ ಅಂಕಲ್?” ಅಂದೆ. “ಅದಕ್ಕೇ ಸಂಬಳ ಕೊಡೋದು,” ಅಂದರು.

ನಿಮಗೂ ನಾಲ್ಕು ಮಾತು

ನಿಮ್ಮಲ್ಲಿ ಎಷ್ಟೋ ಮಂದಿ ಆರ್ಕೆಸ್ಟ್ರಾ ಹುಡುಗರಿದ್ದೀರಿ, ಗಿಟಾರ್ ಹುಚ್ಚಿನವರಿದ್ದೀರಿ. ಅಂಕಲ್ ಹೇಳಿದ್ದನ್ನ ನಿಮಗೂ ಹಂಚುತ್ತೇನೆ.

ಪಿಯಾನೊ ಇದ್ದರೆ ಹೊರಗೋಡೆಗೆ ತಾಗಿಸಬೇಡಿ, ಕಿಟಕಿಯ ಕೆಳಗೆ ಇಡಬೇಡಿ, ಎಸಿಯ ಗಾಳಿ ನೇರವಾಗಿ ಬಡಿಯೋ ಕಡೆ ಬೇಡವೇ ಬೇಡ. ಕೋಣೆಯ ತೇವಾಂಶ 40ರಿಂದ 50ರ ನಡುವೆ ಇದ್ದರೆ ಅದಕ್ಕೆ ಸ್ವರ್ಗ. ಅಷ್ಟು ನಮ್ಮ ಕೈಲಾಗದಿದ್ದರೂ ಹೆಚ್ಚು ಏರಿಳಿಯದ ಹಾಗೆ ನೋಡಿಕೊಂಡರೆ ಸಾಕು. ತೇವಾಂಶ ತೋರಿಸೋ ಗಡಿಯಾರದಂಥ ಮಾಪಕ ಅಂಗಡಿಯಲ್ಲಿ ಸಿಗುತ್ತೆ, ಬೆಲೆ ಹೆಚ್ಚಿಲ್ಲ.

ಹಿಂದೆ ಮಳೆಗಾಲದಲ್ಲಿ ಪಿಯಾನೊ ಒಳಗೆ ಸಣ್ಣ ಬಲ್ಬ್ ಉರಿಸುತ್ತಿದ್ದರು, ಅದರ ಕಾವಿಗೆ ತೇವ ದೂರ. ಈಗಿನ ಎಲ್‌ಇಡಿ ಬಲ್ಬಿಗೆ ಆ ಕಾವಿಲ್ಲ. ಹಳೇ ಬಲ್ಬಾದರೆ ಮರಕ್ಕೆ ಬೆಂಕಿಯ ಭಯ. ಬೇಸಿಗೆಯಲ್ಲೂ ಮರೆತು ಉರಿಸಿಬಿಟ್ಟರೆ ಮರ ಸೀಳುತ್ತೆ. ತೇವ ಹೆಚ್ಚಾದಾಗ ತಾನೇ ಹತ್ತಿಕೊಂಡು, ಕಡಿಮೆಯಾದಾಗ ಆರಿಹೋಗುವ ಕಾವಿನ ಸರಳುಗಳು ಬಂದಿವೆ, ಅದು ವಾಸಿ.

ಟ್ಯೂನಿಂಗ್ ವರ್ಷಕ್ಕೆ ಎರಡು ಸಲ. ಋತು ಬದಲಾದ ಕೂಡಲೇ ಬೇಡ, ಹೊಸ ಹವೆಗೆ ಮರ ಒಗ್ಗಿಕೊಳ್ಳೋಕೆ ಕೆಲವು ವಾರ ಬಿಟ್ಟು ಮಾಡಿಸಬೇಕು. ಬೆಂಗಳೂರಿಗೆ ಆಗಸ್ಟ್ ಒಂದು, ಜನವರಿ-ಫೆಬ್ರವರಿ ಒಂದು. ಕಾರ್ಯಕ್ರಮ ಇದ್ದರೆ ಆ ದಿನ ಇನ್ನೊಂದು.

ಗಿಟಾರಿನ ಮುಂಭಾಗವೂ ಬಹಳ ಕಡೆ ಅದೇ ಸ್ಪ್ರೂಸ್ ಹಲಗೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ, ಬಸ್ಸಿನ ಟಾಪ್ ಮೇಲೆ ಹಾಕಿ ಬಿಡಬೇಡಿ. ಮನೆಗೆ ಬಂದರೆ ಕೇಸಿನೊಳಗೇ ಇಡಿ.

ಇನ್ನು ಕೊನೆಯ ಮಾತು. ಆ ಹಾಲ್‌ನವರು ಅಂಕಲ್‌ಗೆ ಮತ್ತೆ ವರ್ಷಕ್ಕೆ ಎರಡು ಸಲದ ಕೆಲಸ ಕೊಟ್ಟಿದ್ದಾರೆ. ಬಿಟ್ಟುಹೋದ ಎರಡು ಮನೆಯವರು ವಾಪಸ್ ಬಂದಿಲ್ಲ. ಅವರು ಯಾರೋ ನನಗೆ ಗೊತ್ತಿಲ್ಲ, ಅಂಕಲ್ ಹೇಳೋದೂ ಇಲ್ಲ. ಇದನ್ನ ಓದುತ್ತಿದ್ದರೆ ದಯವಿಟ್ಟು ಒಂದು ಫೋನ್ ಮಾಡಿ ಸ್ವಾಮಿ.

ಅಂಕಲ್‌ಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರೋದಿಲ್ಲ. ನನ್ನ ಆ ಹಳೇ ಹನ್ನೆರಡು ಸಾಲನ್ನ ಅವರಿಗೆ ಓದಿ ಹೇಳಿದ್ದು ಶಾಲೆಗೆ ಹೋಗುವ ಮೊಮ್ಮಗಳಂತೆ. ‘ಕಿವಿ ಇದೆಯೋ ಇಲ್ಲವೋ’ ಅನ್ನೋ ಸಾಲು ಬಂದಾಗ ಆ ಮಗು ಓದೋದು ನಿಲ್ಲಿಸಿತಂತೆ. ‘ಪರವಾಗಿಲ್ಲ, ಓದಮ್ಮಾ’ ಅಂದರಂತೆ ತಾತ.

ಈ ಸಂಚಿಕೆ ಬಸ್ ಸ್ಟ್ಯಾಂಡಿಗೆ ಬಂದ ದಿನ ಒಂದು ಪ್ರತಿ ಕೊಂಡು ಕುಕ್ ಟೌನಿಗೆ ಹೋಗುತ್ತೇನೆ. ಈ ಸಲ ಓದಿ ಹೇಳೋದು ನಾನೇ.